ಹಗ್ಗ ಹೆಗಲಿಗೇರಿಸಿ ಹೊರಡುವವರು



ಮಳೆಗಾಲ ಬಂತೆಂದರೆ ಮುಂಬಯಿ, ಪುಣೆಯ ನಮ್ಮ ಕನ್ನಡಿಗರ ಮನೆಗಳಲ್ಲೂ ಭಾನುವಾರದ ತಯಾರಿ ಶುರುವಾಗುತ್ತದೆ. ಮಕ್ಕಳು ಲೋಣಾವಳ, ಕರ್ಜತ್, ಭೀಮಾಶಂಕರ ಎಂದು ಚೀಲ ಹೆಗಲಿಗೇರಿಸುತ್ತಾರೆ. ಸಂಜೆಯ ಲೋಕಲ್‌ಗೆ ಬರುತ್ತೇನೆಂದು ಹೋದ ಮಗ ರಾತ್ರಿ ಹತ್ತಾದರೂ ಬರಲಿಲ್ಲ, ಫೋನೂ ಹತ್ತುತ್ತಿಲ್ಲ ಎಂದಿಟ್ಟುಕೊಳ್ಳಿ. ಆ ಕತ್ತಲಲ್ಲಿ, ಆ ಮಳೆಯಲ್ಲಿ ಅವನನ್ನು ಹುಡುಕಲು ಬೆಟ್ಟ ಹತ್ತುವವರು ಯಾರು? ಪೊಲೀಸರು, ಅಗ್ನಿಶಾಮಕ ದಳದವರು ಎಂದು ನಾವು ಹೇಳುತ್ತೇವೆ. ಅದು ಸರಿಯೇ. ಆದರೆ ಸಹ್ಯಾದ್ರಿಯ ಕಡಿದಾದ ಜಾಗಗಳಲ್ಲಿ ಅವರ ಜೊತೆಗೆ, ಎಷ್ಟೋ ಸಲ ಅವರಿಗಿಂತ ಮುಂದೆ ಹೋಗುವವರು ಸಂಬಳವಿಲ್ಲದ ಸ್ವಯಂಸೇವಕರು. ವಾರದ ಆರು ದಿನ ಅಂಗಡಿ, ಕಾರ್ಖಾನೆ, ಆಫೀಸು ಎಂದು ದುಡಿಯುವ ಸಾಮಾನ್ಯ ಜನ.

2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿ ಎಂಬ ಆದಿವಾಸಿ ಹಾಡಿಯ ಮೇಲೆ ಗುಡ್ಡ ಕುಸಿಯಿತು. ಅಲ್ಲಿಗೆ ಗಾಡಿ ಹೋಗುವ ರಸ್ತೆಯಿರಲಿಲ್ಲ. ಜೆಸಿಬಿ ಮೇಲಕ್ಕೆ ಹತ್ತುವಂತಿರಲಿಲ್ಲ. ಸರಕಾರದ ಪಡೆಗಳೂ ಸುತ್ತಲಿನ ಟ್ರೆಕ್ಕಿಂಗ್ ತಂಡಗಳ ಯುವಕರೂ ನಡೆದೇ ಹತ್ತಿ, ಗುದ್ದಲಿ ಸಲಿಕೆಗಳಿಂದ ಮಣ್ಣು ತೆಗೆದರು. ರಕ್ಷಣೆಗೆಂದು ಹೊರಟ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಬೆಟ್ಟ ಹತ್ತುವಾಗಲೇ ಹೃದಯಾಘಾತದಿಂದ ತೀರಿಕೊಂಡರು. 27 ಮೃತದೇಹಗಳು ಸಿಕ್ಕವು. ಇನ್ನೂ ಹಲವರು ಸಿಗಲೇ ಇಲ್ಲ. ನಾಲ್ಕು ದಿನಗಳ ಮೇಲೆ ಶೋಧ ನಿಂತಿತು.

ಇಂಥ ಕೆಲಸ ಉತ್ಸಾಹ ಒಂದರಿಂದಲೇ ಆಗುವುದಿಲ್ಲ. ಅದಕ್ಕೊಂದು ವ್ಯವಸ್ಥೆ ಬೇಕು. ಲೋಣಾವಳದ ಶಿವದುರ್ಗ ಮಿತ್ರದಂಥ ತಂಡಗಳು ಆಯಾ ಊರಿನಲ್ಲಿ ಇವೆ. ಮಹಾರಾಷ್ಟ್ರ ಮೌಂಟೆನಿಯರ್ಸ್ ರೆಸ್ಕ್ಯೂ ಕೋಆರ್ಡಿನೇಷನ್ ಸೆಂಟರ್ ಎಂಬ ಸಂಸ್ಥೆ ಇಂಥ ಹಲವು ತಂಡಗಳನ್ನು ಒಂದು ದಾರಕ್ಕೆ ಪೋಣಿಸಿದೆ. ಕರೆ ಬಂದಾಗ ಮೊದಲು ಕೇಳುವುದು ಎಷ್ಟು ಜನ, ಎಲ್ಲಿಂದ ಹತ್ತಿದರು, ಕೊನೆಗೆ ಕಂಡ ಜಾಗ ಯಾವುದು, ಪೆಟ್ಟೇನಾದರೂ ಆಗಿದೆಯೇ ಎಂಬುದನ್ನು. ಆಮೇಲೆ ಆ ಬೆಟ್ಟ ಬಲ್ಲ ಹತ್ತಿರದ ತಂಡಕ್ಕೆ ಸುದ್ದಿ ಹೋಗಬೇಕು, ಪೊಲೀಸರಿಗೂ ತಿಳಿಯಬೇಕು. ಇಬ್ಬರು ಮೂವರು ಪ್ರಥಮ ಚಿಕಿತ್ಸೆಯ ಚೀಲ ಹಿಡಿದು ಮುಂದೆ ಓಡಿದರೆ, ಸ್ಟ್ರೆಚರ್, ಹಗ್ಗ ಹೊತ್ತವರು ಹಿಂದಿನಿಂದ ಬರುತ್ತಾರೆ. ಕಾಲು ಮುರಿದ ಒಬ್ಬನನ್ನು ಜಾರುವ ಕಾಲುದಾರಿಯಲ್ಲಿ ಇಳಿಸಲು ಆರೆಂಟು ಜನ ಒಟ್ಟಿಗೆ ಸ್ಟ್ರೆಚರ್ ಹಿಡಿಯಬೇಕು. ಅವರು ಸುಸ್ತಾದಾಗ ಹೆಗಲು ಕೊಡಲು ಇನ್ನಷ್ಟು ಜನ ಬೇಕು.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಬ್ರಿಟನ್ನಿನ ಒಂದು ಹಳೆಯ ಸಂಸ್ಥೆಯನ್ನು ನೋಡಬಹುದು. ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್, ಚಿಕ್ಕದಾಗಿ ಆರ್‌ಎನ್‌ಎಲ್‌ಐ. ಸರ್ ವಿಲಿಯಂ ಹಿಲರಿ ಅವರ ಪ್ರಯತ್ನದಿಂದ 1824ರಲ್ಲಿ ಹುಟ್ಟಿದ ಇದಕ್ಕೆ 2024ರಲ್ಲಿ ಇನ್ನೂರು ವರ್ಷ ತುಂಬಿತು. ಬ್ರಿಟನ್ ಮತ್ತು ಐರ್ಲೆಂಡಿನ ಕರಾವಳಿಯುದ್ದಕ್ಕೂ ಅದರ 230ಕ್ಕೂ ಹೆಚ್ಚು ಠಾಣೆಗಳಿವೆ. ದೋಣಿ ಹತ್ತುವವರಲ್ಲಿ ಬಹುಪಾಲು ಜನ ಸ್ವಯಂಸೇವಕರು. ಕರಾವಳಿ ಕಾವಲು ಪಡೆಯಿಂದ ಕರೆ ಬಂದು ಸೊಂಟದ ಪೇಜರ್ ಕೂಗಿದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು. ಬಿಡಲು ಯಜಮಾನರು ಒಪ್ಪಿರಬೇಕು. ಮನೆಯವರೂ ಒಪ್ಪಿರಬೇಕು.

ಈ ಸಂಸ್ಥೆ ನಡೆಯುವುದು ಹೆಚ್ಚಾಗಿ ಜನರ ದಾನದಿಂದ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಹಣ ಬರುವುದು ಸಾಯುವ ಮುನ್ನ ಜನ ಬರೆದಿಡುವ ವಿಲ್‌ಗಳಿಂದ. ಕಾಪಾಡಿದವರಿಂದ ಶುಲ್ಕ ಕೇಳುವುದಿಲ್ಲ. ಅದಕ್ಕೆ ಔದಾರ್ಯ ಮಾತ್ರವಲ್ಲ, ಲೆಕ್ಕಾಚಾರವೂ ಇದೆ. ಬಿಲ್ಲಿನ ಭಯವಿದ್ದರೆ ಜನ ಕರೆ ಮಾಡಲು ತಡಮಾಡುತ್ತಾರೆ. ತಡವಾದಷ್ಟೂ ಕತ್ತಲಾಗುತ್ತದೆ, ಸಮುದ್ರ ಕೆರಳುತ್ತದೆ, ಹೋಗುವವರ ಪ್ರಾಣಕ್ಕೂ ಅಪಾಯ.

ಆ ಅಪಾಯ ಎಂಥದ್ದು ಎಂಬುದು 1981ರ ಡಿಸೆಂಬರ್ 19ರಂದು ಗೊತ್ತಾಯಿತು. ಕಾರ್ನ್‌ವಾಲ್ ಕರಾವಳಿಯಲ್ಲಿ ಚಂಡಮಾರುತಕ್ಕೆ ಸಿಕ್ಕ ಯೂನಿಯನ್ ಸ್ಟಾರ್ ಎಂಬ ಹಡಗಿನ ಎಂಟು ಜನರನ್ನು ಉಳಿಸಲು ಮೌಸ್‌ಹೋಲ್ ಎಂಬ ಪುಟ್ಟ ಊರಿನ ಎಂಟು ಸ್ವಯಂಸೇವಕರು ದೋಣಿ ಇಳಿಸಿದರು. ಹದಿನಾರು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಒಂದೇ ಊರಿನ ಎಂಟು ಮನೆಗಳಲ್ಲಿ ಸಾವು. ದೇಶದ ಜನ ಆ ಕುಟುಂಬಗಳಿಗೆ ದೊಡ್ಡ ನಿಧಿ ಕೂಡಿಸಿಕೊಟ್ಟರು. ಹೊಸ ತಂಡ ಕಟ್ಟಲು ಅದೇ ಊರಿನಿಂದ ಒಂದು ದಿನದೊಳಗೆ ಸಾಕಷ್ಟು ಜನ ಮುಂದೆ ಬಂದರು.

ನಮ್ಮಲ್ಲಿಯೂ ಪ್ರಯತ್ನ ನಡೆದಿದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಬೆನ್ನಲ್ಲೇ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಅಂದರೆ ಎನ್‌ಡಿಆರ್‌ಎಫ್ ಬಂತು. 2016ರಲ್ಲಿ ಆರಂಭವಾದ ಆಪದಾ ಮಿತ್ರ ಯೋಜನೆಯಲ್ಲಿ ಊರಿನ ಸ್ವಯಂಸೇವಕರಿಗೆ 12 ದಿನಗಳ ತರಬೇತಿ, ಸಲಕರಣೆಯ ಕಿಟ್ ಮತ್ತು ವಿಮೆ ಕೊಡಲಾಯಿತು. ಮೊದಲು 30 ಜಿಲ್ಲೆಗಳಿದ್ದ ಯೋಜನೆಯನ್ನು ಬಳಿಕ 350 ಜಿಲ್ಲೆಗಳಿಗೆ, ಒಂದು ಲಕ್ಷ ಜನರಿಗೆ ವಿಸ್ತರಿಸಲಾಯಿತು. ವಿಮೆ ಎಂಬ ಮಾತನ್ನು ಗಮನಿಸಿ. ಹಗ್ಗಕ್ಕೆ ಚಂದಾ ಕೊಡುವವರು ಸಿಗುತ್ತಾರೆ. ಹಗ್ಗ ಹಿಡಿದವನು ಬಿದ್ದರೆ ಅವನ ಹೆಂಡತಿ ಮಕ್ಕಳಿಗೆ ಏನು ಎಂದು ಕೇಳುವವರು ಕಡಿಮೆ.

ಹಾಗಾದರೆ ಬೆಟ್ಟ ಹತ್ತಲಾರದ ನಾವೇನು ಮಾಡಬಹುದು? ಮನೆಯ ಮಕ್ಕಳು ಹೊರಡುವಾಗ ಯಾವ ಬೆಟ್ಟ, ಯಾವ ದಾರಿ, ಜೊತೆಗೆ ಯಾರು, ವಾಪಸು ಎಷ್ಟು ಹೊತ್ತಿಗೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹುಡುಕುವವರಿಗೆ ಆ ಒಂದು ಚೀಟಿ ಗಂಟೆಗಟ್ಟಲೆ ಸಮಯ ಉಳಿಸುತ್ತದೆ. ಸಂಶಯ ಬಂದರೆ ಬೆಳಗಾಗಲಿ ನೋಡೋಣ ಎನ್ನದೆ 112ಕ್ಕೆ ಕರೆ ಮಾಡಿ. ನಿಮ್ಮ ಕೈಕೆಳಗೆ ಕೆಲಸ ಮಾಡುವ ಹುಡುಗ ಇಂಥ ತಂಡದಲ್ಲಿದ್ದು, ರಾತ್ರಿಯಿಡೀ ಬೆಟ್ಟದಲ್ಲಿದ್ದೆ, ಈ ದಿನ ರಜೆ ಬೇಕು ಎಂದರೆ ಕೊಡಿ. ಮೃತದೇಹ ಹೊತ್ತು ತಂದವನಿಗೆ ನಿದ್ದೆ ಬಾರದಿರಬಹುದು. ಅವನ ಮಾತಿಗೆ ಕಿವಿಗೊಡಿ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಹತ್ತಿರದ ರಕ್ಷಣಾ ತಂಡದ ಸ್ಟ್ರೆಚರಿಗೋ, ವಿಮೆಯ ಕಂತಿಗೋ ಎತ್ತಿಡಬಹುದು. ಅನ್ನ ಕೊಟ್ಟ ಈ ನೆಲದ ಬೆಟ್ಟಗಳಲ್ಲಿ ನಮ್ಮ ಮಕ್ಕಳೂ ಓಡಾಡುತ್ತಾರಲ್ಲ.

ಮುಂದಿನ ಸಭೆಯಲ್ಲಿ ಯಾರಾದರೂ ಒಬ್ಬರು ಈ ವಿಷಯ ಎತ್ತಿ ನೋಡಿ.