ನೆರಳಿನ ಲೆಕ್ಕ

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬದಂದು ನಾಡು, ನುಡಿ, ಸಂಸ್ಕೃತಿಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನಾವು ಮರದ ನೆರಳಿನ ಬಗ್ಗೆ ನಾಲ್ಕು ಮಾತು ಆಡಬೇಕೆಂದಿದ್ದೇವೆ. ಸಿಂಗಪುರದಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಬಿಸಿಲು ಎರಡೂ ಕಡೆಯ ನಂಟು. ಇಲ್ಲಿ ವರ್ಷವಿಡೀ ಸೆಕೆ. ಅಲ್ಲಿ, ಒಂದು ಕಾಲಕ್ಕೆ ಫ್ಯಾನೇ ಬೇಡವೆನ್ನುತ್ತಿದ್ದ ಬೆಂಗಳೂರಿನಲ್ಲಿ 2016 ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಇದಕ್ಕೆ ಮರಗಳ ನಾಶವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಭೂಮಿಯೇ ಬಿಸಿಯಾಗುತ್ತಿದೆ. ಆದರೆ ನಮ್ಮ ಬೀದಿ ಎಷ್ಟು ಕಾಯಬೇಕು, ಎಷ್ಟು ತಂಪಾಗಿರಬೇಕು ಎಂಬುದರಲ್ಲಿ ನಮ್ಮ ಕೈಯಲ್ಲೂ ಒಂದಿಷ್ಟು ಇದೆ.

ಮರ ತಂಪು ಕೊಡುವುದು ಎರಡು ಬಗೆಯಲ್ಲಿ. ಮೊದಲನೆಯದು ಎಲ್ಲರಿಗೂ ತಿಳಿದದ್ದೇ, ನೆರಳು. ಬಿಸಿಲು ನೆಲಕ್ಕೆ, ಗೋಡೆಗೆ, ಟಾರಿಗೆ ತಾಗುವ ಮೊದಲೇ ಎಲೆಗಳು ತಡೆಯುತ್ತವೆ. ಹಗಲಿಡೀ ಕಾದ ಟಾರು ರಸ್ತೆ ರಾತ್ರಿ ಆ ಶಾಖವನ್ನು ಹೊರಗೆ ಬಿಡುತ್ತದೆ. ಕಾಯದೇ ಇದ್ದ ರಸ್ತೆಗೆ ಬಿಡಲು ಶಾಖವೇ ಇರುವುದಿಲ್ಲ.

ಎರಡನೆಯದು ನಮ್ಮ ಅಜ್ಜಿಯರ ಮಣ್ಣಿನ ಮಡಕೆಯ ಉಪಾಯ. ಮಡಕೆಯ ಮೈಯಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ನೀರು ತಣ್ಣಗಾಗುತ್ತದೆ. ಮರವೂ ಹಾಗೆಯೇ. ಬೇರಿನಿಂದ ನೀರು ಹೀರಿ, ಎಲೆಗಳ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೊರಬಿಡುತ್ತದೆ. ಇದಕ್ಕೆ ಬೇಕಾದ ಶಾಖ ಸಣ್ಣದಲ್ಲ. ಒಂದು ಪಾತ್ರೆ ನೀರನ್ನು ಒಲೆಯ ಮೇಲಿಟ್ಟು ಕುದಿ ಬರಿಸಲು ಬೇಕಾಗುವ ಶಾಖಕ್ಕಿಂತ ಅದಷ್ಟನ್ನೂ ಆವಿಯಾಗಿಸಲು ಏಳು ಪಟ್ಟು ಹೆಚ್ಚು ಶಾಖ ಬೇಕು. ಒಂದು ಲೀಟರ್ ನೀರು ಎಲೆಯಿಂದ ಆವಿಯಾದರೆ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಅದು ಹೀರಿಕೊಂಡಂತೆ. ದಿನಕ್ಕೆ ನೂರು ಲೀಟರ್ ನೀರು ಬಿಡುವ ದೊಡ್ಡ ಮರವೊಂದಿದ್ದರೆ 68 ಯೂನಿಟ್ ಆಯಿತು. ಇದಕ್ಕೆ ಕರೆಂಟ್ ಬಿಲ್ ಬರುವುದಿಲ್ಲ!

ಹಾಗಾದರೆ ಎಲ್ಲ ದೇಶಗಳಲ್ಲೂ ಕಾಡು ತಂಪೇ? ಇಲ್ಲಿ ಒಂದು ಸ್ವಾರಸ್ಯವಿದೆ. ಕೆನಡಾ, ರಷ್ಯಾದ ಉತ್ತರ ಭಾಗಗಳಲ್ಲಿ ಚಳಿಗಾಲದ ಬಯಲೆಲ್ಲ ಬಿಳಿ ಹಿಮ. ಹಿಮ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕಡುಬಣ್ಣದ ಕಾಡು ಹೀರಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಕಾಡು ಸುತ್ತಲಿನ ಪ್ರದೇಶವನ್ನು ತುಸು ಬೆಚ್ಚಗಿಡುವುದೂ ಉಂಟು. ಉಷ್ಣವಲಯದಲ್ಲಿ ಹಿಮವಿಲ್ಲ, ಬಿಸಿಲೂ ನೀರೂ ಧಾರಾಳ. ಕಾಡು ಹೀರಿದ ಬಿಸಿಲಿನ ಬಹುಪಾಲು ನೀರನ್ನು ಆವಿಯಾಗಿಸುವುದರಲ್ಲೇ ಖರ್ಚಾಗುತ್ತದೆ. ಆದ್ದರಿಂದ ಮರದ ತಂಪಿನ ಲಾಭ ಅತಿ ಹೆಚ್ಚಾಗಿ ಸಿಗುವುದು ನಮ್ಮಂಥವರಿಗೆ. ಕಡಿದರೆ ನಷ್ಟವೂ ನಮಗೇ ಹೆಚ್ಚು.

ಇದಕ್ಕೆ ನಿದರ್ಶನ ನಮ್ಮ ನೆರೆಯ ಬೋರ್ನಿಯೋದಲ್ಲೇ ಇದೆ. ಅಲ್ಲಿನ ಸಬಾ ಪ್ರಾಂತದಲ್ಲಿ ಮೂಲ ಅರಣ್ಯ, ಮರ ಕಡಿದ ಅರಣ್ಯ, ತಾಳೆ ಎಣ್ಣೆಯ ತೋಟ, ಈ ಮೂರರ ಉಷ್ಣಾಂಶವನ್ನು ವಿಜ್ಞಾನಿಗಳು ಅಳೆದು 2015 ರಲ್ಲಿ ಪ್ರಕಟಿಸಿದರು. ಹಗಲಿನ ಗರಿಷ್ಠ ಉಷ್ಣಾಂಶ ಮೂಲ ಅರಣ್ಯಕ್ಕಿಂತ ತಾಳೆ ತೋಟದಲ್ಲಿ 6.5 ಡಿಗ್ರಿಯವರೆಗೂ ಹೆಚ್ಚಿತ್ತು. ದೂರದಿಂದ ನೋಡಿದರೆ ತೋಟವೂ ಹಸಿರೇ. ಆದರೆ ಹಸಿರೆಲ್ಲ ಕಾಡಲ್ಲ. ಎತ್ತರದ ಮರ, ಅದರ ಕೆಳಗೊಂದು ಮರ, ಪೊದೆ, ತರಗೆಲೆಯ ಹಾಸು, ಹೀಗೆ ಪದರ ಪದರವಾಗಿದ್ದಾಗಲೇ ಪೂರ್ಣ ತಂಪು.

ಈ ಚಿಂತನೆ ಹೊಸದೇನೂ ಅಲ್ಲ, ಅದಕ್ಕೆ ಕನ್ನಡ ನಾಡಿನ ನಂಟೂ ಇದೆ. 1840 ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗಾರ್ನ್ ಮಲೆನಾಡಿನ ಕಾಡು ಬರಿದಾಗುವುದನ್ನು ಕಣ್ಣಾರೆ ಕಂಡವರು. ಉಷ್ಣವಲಯದ ಕಾಡುಗಳ ನಾಶದಿಂದ ಹವೆಗೂ ಜನಜೀವನಕ್ಕೂ ಏನಾಗುತ್ತದೆ ಎಂಬ ವರದಿಯನ್ನು ಅವರು 1851 ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘಕ್ಕೆ ಒಪ್ಪಿಸಿದರು.

ಇನ್ನು ನಾವಿರುವ ಊರು. ಗ್ಯಾಂಬಿಯರ್, ಮೆಣಸಿನ ಬೆಳೆಗಾಗಿ ಹತ್ತೊಂಬತ್ತನೆಯ ಶತಮಾನದಲ್ಲೇ ಸಿಂಗಪುರದ ಮೂಲ ಕಾಡು ಬಹುತೇಕ ಹೋಗಿತ್ತು. 1963 ರ ಜೂನ್ 16 ರಂದು ಪ್ರಧಾನಿ ಲೀ ಕ್ವಾನ್ ಯೂ ಒಂದು ಮೆಂಪಾಟ್ ಸಸಿ ನೆಟ್ಟು ಮರ ನೆಡುವ ಆಂದೋಲನ ಆರಂಭಿಸಿದರು. 1967 ರಲ್ಲಿ ಉದ್ಯಾನ ನಗರಿಯ ಕನಸನ್ನು ಜನರ ಮುಂದಿಟ್ಟರು. ಚಾಂಗಿ ವಿಮಾನ ನಿಲ್ದಾಣದಿಂದ ಬರುವಾಗ ರಸ್ತೆಯ ಮೇಲೆ ಕೊಡೆ ಹಿಡಿದಂತೆ ನಿಂತ ಮಳೆ ಮರಗಳು ತಾವಾಗಿ ಹುಟ್ಟಿದವಲ್ಲ, ನೆಟ್ಟು ಸಾಕಿದವು. 1991 ರಿಂದ ಕೆಲವು ಸಂರಕ್ಷಿತ ಪ್ರದೇಶಗಳಲ್ಲಿ ಒಂದು ಮೀಟರಿಗಿಂತ ಹೆಚ್ಚು ಸುತ್ತಳತೆಯ ಮರವನ್ನು ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಇಷ್ಟೆಲ್ಲ ಮಾಡಿದ ಈ ನಗರದಲ್ಲೂ ರಾತ್ರಿ ವೇಳೆ ಕಟ್ಟಡಗಳು ಕಿಕ್ಕಿರಿದ ಪ್ರದೇಶಕ್ಕೂ ಹೊರವಲಯದ ಹಸಿರಿಗೂ 7 ಡಿಗ್ರಿಯವರೆಗೆ ವ್ಯತ್ಯಾಸ ಕಂಡುಬಂದಿದೆ. ಮರಗಳೇ ಇಲ್ಲದಿದ್ದರೆ ನಮ್ಮ ಗತಿ ಏನು, ಯೋಚಿಸಿ.

ಬೆಂಗಳೂರಿಗೆ ಬರೋಣ. 1908 ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ ಅವರು ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರ ಆಯ್ದರು. 1980 ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಲಕ್ಷಾಂತರ ಸಸಿಗಳನ್ನು ನೆಡಲಾಯಿತು. ಆ ಬಗೆಯ ಸಾಲುಮರಗಳ ಬೆಲೆಯನ್ನು ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013 ರಲ್ಲಿ ಅಂಕಿಗಳಲ್ಲಿ ತೋರಿಸಿಕೊಟ್ಟರು. ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೆ ತಂಪು, ರಸ್ತೆಯ ಮೈ 27.5 ಡಿಗ್ರಿಯವರೆಗೆ ತಂಪು. ಎ.ಸಿ. ಕಾರಿನಲ್ಲಿ ಹೋಗುವವರಿಗೆ ಈ ವ್ಯತ್ಯಾಸ ತಿಳಿಯದೇ ಇರಬಹುದು. ತಳ್ಳುಗಾಡಿಯ ಸೊಪ್ಪಿನಮ್ಮನಿಗೆ, ಟ್ರಾಫಿಕ್ ಪೊಲೀಸರಿಗೆ, ಬಸ್ಸಿಗೆ ಕಾಯುವ ಮಗುವಿಗೆ ಚೆನ್ನಾಗಿ ತಿಳಿಯುತ್ತದೆ.

ಮರ ಸರ್ವರೋಗ ನಿವಾರಿಣಿಯಲ್ಲ ಎಂಬುದನ್ನೂ ಹೇಳಬೇಕು. ಸಿಂಗಪುರದಂತೆ ಗಾಳಿಯಲ್ಲಿ ತೇವ ತುಂಬಿದಲ್ಲಿ ಆವಿಯಾಗುವುದು ನಿಧಾನ. ಅಲ್ಲಿ ನೆರಳೇ ಮುಖ್ಯ ಉಪಕಾರ. ಬೇಸಿಗೆಯಲ್ಲಿ ಬೇರಿಗೆ ನೀರಿಲ್ಲದಿದ್ದರೆ ಮರ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ತಂಪು ಕುಗ್ಗುತ್ತದೆ. ಬುಡದ ಸುತ್ತ ಸಿಮೆಂಟ್ ಬಳಿದರೆ ನೀರು ಇಳಿಯುವುದಾದರೂ ಹೇಗೆ?

ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಸೈಟಿದೆ, ಮನೆಯಿದೆ, ತೋಟವಿದೆ. ಕಟ್ಟುವಾಗ ಕಂಟ್ರಾಕ್ಟರು ಫೋನಿನಲ್ಲಿ ಕೇಳುತ್ತಾರೆ, "ಸಾರ್, ಮುಂದಿರೋ ಮರ ತೆಗೆಸಿಬಿಡೋಣವಾ? ಬೇಕಾದ್ರೆ ಹತ್ತು ಸಸಿ ಹಾಕಿಸ್ತೀನಿ." ಈ ಲೆಕ್ಕದಲ್ಲಿ ಮೋಸವಿದೆ. ಹತ್ತು ಸಸಿಗಳ ಎಲೆಯನ್ನೆಲ್ಲ ಕೂಡಿಸಿದರೂ ಒಂದು ಹಳೆಯ ಮರದ ಒಂದು ಕೊಂಬೆಗೆ ಸಾಟಿಯಾಗದು. ಅವು ಬೆಳೆದು ನೆರಳು ಕೊಡುವ ಹೊತ್ತಿಗೆ ಒಂದು ತಲೆಮಾರೇ ಕಳೆದಿರುತ್ತದೆ. 1976 ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟರೆ ನಮ್ಮ ಸ್ವಂತ ಜಾಗದ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾಯ್ದೆಗಿಂತ ದೊಡ್ಡದು ನಮ್ಮ ಒಂದು ಮಾತು: "ಮರ ಇರಲಿ, ಗೇಟನ್ನು ಅರ್ಧ ಗಜ ಆಚೆ ಇಡಿ." ಬುಡದ ಸುತ್ತ ಒಂದಿಷ್ಟು ಮಣ್ಣು ಬಿಡಿಸೋಣ. ಹೊಸದಾಗಿ ನೆಡುವುದಾದರೆ ಹೊಂಗೆ, ಬೇವು, ಮಾವು, ನೇರಳೆ ನೆಟ್ಟು, ಮೊದಲ ಎರಡು ಮೂರು ಬೇಸಿಗೆ ನೀರು ಹಾಕಲು ಒಬ್ಬರನ್ನು ನೇಮಿಸೋಣ.

ಮಕ್ಕಳಿಗೆ ಊರಿನಲ್ಲಿ ಏನು ಬಿಟ್ಟುಹೋಗುತ್ತೇವೆ ಎಂದು ನಾವು ಆಗಾಗ ಚರ್ಚಿಸುತ್ತೇವೆ. ಆ ಪಟ್ಟಿಯಲ್ಲಿ ಸೈಟಿನ ಪತ್ರದ ಜೊತೆಗೆ ಒಂದು ನೆರಳೂ ಇರಲಿ ಎಂದು ಹಾರೈಸುತ್ತೇವೆ.