ನೆರವಿಗೆ ಬಂದವರ ವಸತಿ ವೆಚ್ಚ: ನಮ್ಮ ಹೊಣೆ

(ಮುಂಗಾರು ಪೂರ್ವಸಿದ್ಧತಾ ಸಭೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಶಾಲೆಗಳೂ ಸಮುದಾಯ ಭವನಗಳೂ ಪರಿಹಾರ ಕೇಂದ್ರಗಳಾದವು. ಊರಿನ ಸೂರೆಲ್ಲ ಸಂತ್ರಸ್ತರಿಗೆ ಮೀಸಲಾದಾಗ, ಹೊರಗಿನಿಂದ ನೆರವಿಗೆ ಬಂದ ಸಿಬ್ಬಂದಿ ರಾತ್ರಿ ಎಲ್ಲಿ ತಂಗಬೇಕು? ಆ ಖರ್ಚನ್ನು ಯಾರು ಭರಿಸಬೇಕು? ಮಳೆ ಬರುವ ಮೊದಲೇ ನಾವು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಗಳಿವು.

ಬೇರೊಂದು ಮಳೆಗಾಲದಲ್ಲಿ ನಾನು ಕಂಡ ಪ್ರಸಂಗವೊಂದಿದೆ. ಉರುಳಿದ ವಿದ್ಯುತ್ ಕಂಬಗಳನ್ನು ನಿಲ್ಲಿಸಲು ಬಯಲುಸೀಮೆಯಿಂದ ಬಂದ ಲೈನ್‌ಮನ್ ಒಬ್ಬರು ಒಂಬತ್ತು ರಾತ್ರಿ ಲಾಡ್ಜಿನಲ್ಲಿ ತಂಗಿ, ಬಾಡಿಗೆಯನ್ನು ಸ್ವಂತ ಹಣದಿಂದ ಕೊಟ್ಟರು. ಊರಿನಲ್ಲಿ ಕರೆಂಟೇ ಇರಲಿಲ್ಲ. ಮಾಲೀಕರು ನೋಟ್‌ಪುಸ್ತಕದ ಹಾಳೆಯಲ್ಲಿ ಬರೆದುಕೊಟ್ಟದ್ದೇ ರಶೀದಿ. ಕ್ರಮಬದ್ಧವಲ್ಲವೆಂಬ ಆಕ್ಷೇಪಣೆಯೊಡನೆ ಅವರ ಬಿಲ್ಲು ಹಿಂದಿರುಗಿತು. ಮರುವರ್ಷ ಅಂತಹ ಕರ್ತವ್ಯಕ್ಕೆ ಹೆಸರು ಕೊಡಲು ಅವರು ಹಿಂಜರಿದರು. ನಷ್ಟ ಅವರೊಬ್ಬರದೇ ಅಲ್ಲ, ಕತ್ತಲಲ್ಲಿ ಕಾಯುವ ಊರಿನದು.

ವಿಪತ್ತು ನಿರ್ವಹಣಾ ಅಧಿನಿಯಮ, 2005ರ 50ನೇ ಪ್ರಕರಣದಂತೆ ತುರ್ತು ಖರೀದಿಗೆ ಟೆಂಡರ್ ಕರೆಯಬೇಕಿಲ್ಲ. ಅಧಿಕೃತ ನಿಯಂತ್ರಣಾಧಿಕಾರಿಯು ಸಾಮಗ್ರಿಗಳ ಬಳಕೆ ಕುರಿತು ನೀಡುವ ಪ್ರಮಾಣಪತ್ರವೇ ವೋಚರ್ ಎನಿಸುತ್ತದೆ. ಆಪತ್ಕಾಲದಲ್ಲಿ ಎಂದಿನ ಕಾಗದಪತ್ರ ಸಿಗದೆಂಬುದನ್ನು ಕಾನೂನೇ ಮನಗಂಡಿದೆ. 65ನೇ ಪ್ರಕರಣದಂತೆ ಜಿಲ್ಲಾ ಪ್ರಾಧಿಕಾರವು ರಕ್ಷಣಾ ಕಾರ್ಯಕ್ಕೆ ಕಟ್ಟಡಗಳನ್ನು ಲಿಖಿತ ಆದೇಶದ ಮೂಲಕ ವಶಕ್ಕೆ ಪಡೆಯಬಹುದು. 66ನೇ ಪ್ರಕರಣವು ಅದಕ್ಕೆ ಪರಿಹಾರ ನೀಡಬೇಕೆನ್ನುತ್ತದೆ. ಸಂಪನ್ಮೂಲಗಳನ್ನು ಸದಾ ಸಿದ್ಧವಾಗಿಡುವುದು 41ನೇ ಪ್ರಕರಣದನ್ವಯ ಸ್ಥಳೀಯ ಸಂಸ್ಥೆಗಳ ಕರ್ತವ್ಯ.

ಆದುದರಿಂದ ನಾಲ್ಕು ಕಾರ್ಯಗಳನ್ನು ಕೈಗೊಳ್ಳೋಣ. ಮೊದಲನೆಯದಾಗಿ, ತಂಗಲು ಯೋಗ್ಯವಾದ ಲಾಡ್ಜು, ಹೋಂಸ್ಟೇ ಮತ್ತು ಛತ್ರಗಳ ಪಟ್ಟಿಯನ್ನು ದರದೊಡನೆ ಮಳೆಗಾಲಕ್ಕೆ ಮುನ್ನವೇ ಸಿದ್ಧಪಡಿಸಿ ತಹಶೀಲ್ದಾರರ ಕಚೇರಿಗೆ ಕಳುಹಿಸುವುದು. ಎರಡನೆಯದಾಗಿ, ಬಂದವರ ನಿಯೋಜನಾ ಆದೇಶದ ಪ್ರತಿಯನ್ನು ಮೊದಲ ದಿನವೇ ಪಡೆಯುವುದು. ಮೂರನೆಯದಾಗಿ, ಹೆಸರು, ಇಲಾಖೆ, ತಂಗಿದ ಸ್ಥಳ, ರಾತ್ರಿಗಳ ಸಂಖ್ಯೆ ಮತ್ತು ಕೊಟ್ಟ ಮೊತ್ತವನ್ನು ವಹಿಯಲ್ಲಿ ದಾಖಲಿಸುವುದು. ನಾಲ್ಕನೆಯದಾಗಿ, ಅವರು ಹೊರಡುವ ಮುನ್ನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಸಹಿ ಹಾಗೂ ಮೊಹರಿನೊಂದಿಗೆ ಆ ದಾಖಲೆಯ ದೃಢೀಕೃತ ಪ್ರತಿಯನ್ನು ಅವರ ಕೈಗಿಡುವುದು.

ಈ ಪ್ರತಿಯಿಂದಲೇ ಹಣ ಮಂಜೂರಾಗುವುದಿಲ್ಲ; ಮಂಜೂರಾತಿ ಆಯಾ ಇಲಾಖೆಯ ಅಧಿಕಾರ. ಆದರೆ ಆ ವ್ಯಕ್ತಿ ನಮ್ಮ ಊರಿನಲ್ಲಿ ತಂಗಿ ದುಡಿದದ್ದಕ್ಕೆ ಸಾಕ್ಷಿ ಹೇಳಬಲ್ಲವರು ನಾವೇ. ಗುತ್ತಿಗೆ ನೌಕರರ ವಿಷಯದಲ್ಲಂತೂ ಈ ಎಚ್ಚರ ಇನ್ನೂ ಅಗತ್ಯ. ಮುಂಗಡವಾಗಿ ಖರ್ಚು ಮಾಡುವ ಶಕ್ತಿ ಅವರಿಗೆ ಕಡಿಮೆ.

ನಮ್ಮ ಕಷ್ಟಕ್ಕೆ ಓಡಿಬಂದವರು ಸಾಲ ಹೊತ್ತು ಮರಳುವಂತಾಗಬಾರದು. ಮುಂದಿನ ಸಾಮಾನ್ಯ ಸಭೆಯಲ್ಲಿಯೇ ಈ ಕುರಿತು ಠರಾವು ಅಂಗೀಕರಿಸಬೇಕೆಂದು ವಿನಂತಿಸುತ್ತೇನೆ.