ದತ್ತಾಂಶ ಭಂಡಾರದ ಎರಡನೆಯ ದಾರಿ

ಬ್ಯಾಂಕು, ಷೇರುಪೇಟೆ, ಆಸ್ಪತ್ರೆ, ರೈಲ್ವೆ ಮುಂತಾದ ದೊಡ್ಡ ಸಂಸ್ಥೆಗಳು ತಮ್ಮ ಲೆಕ್ಕಪತ್ರಗಳನ್ನೆಲ್ಲ ಇಡುವ ದತ್ತಾಂಶ ಭಂಡಾರವು, ನೂರಾರು ಡಿಸ್ಕ್‌ಗಳನ್ನು ಒಂದೇ ಆಡಳಿತದಡಿ ತಂದು ಹಲವು ಸರ್ವರ್‌ಗಳಿಗೆ ಹಂಚಿಕೊಡುವ ಯಂತ್ರವ್ಯವಸ್ಥೆಯಾಗಿದ್ದು, ಅದರೊಳಕ್ಕೆ ಎರಡು ದಾರಿಗಳಿರುತ್ತವೆ. ದತ್ತಾಂಶವೇ ಓಡಾಡುವ ದಾರಿ ಮೊದಲನೆಯದು; ಅದು ಅಗಲವಾದದ್ದು, ದುಬಾರಿಯಾದದ್ದು, ಖರೀದಿಯ ಮಾತುಕತೆಯಲ್ಲಿ ಎಲ್ಲರ ಗಮನವನ್ನೂ ಸೆಳೆಯುವಂಥದ್ದು. ಎರಡನೆಯದು ನಿರ್ವಹಣೆಯ ದಾರಿ: ಯಾವ ಡಿಸ್ಕ್ ಕೆಟ್ಟಿದೆ, ಎಷ್ಟು ಜಾಗ ಉಳಿದಿದೆ, ಯಾವ ಸರ್ವರ್‌ಗೆ ಯಾವ ಪಾಲು ಸೇರಬೇಕು ಎಂಬುದನ್ನು ದೂರದಿಂದಲೇ ತಿಳಿಯಲು ಮತ್ತು ವಿಧಿಸಲು ಬಳಸುವ ಒಂದು ಸಾಧಾರಣ ಈಥರ್‌ನೆಟ್ ತಂತಿ. ಈ ತಂತಿಯ ವಿಳಾಸ ಯಾವುದು, ಅದು ಯಾವ ಜಾಲದಲ್ಲಿರಬೇಕು, ಯಂತ್ರಕ್ಕೆ ತೊಂದರೆಯಾದಾಗ ಯಾರಿಗೆ ಸುದ್ದಿ ಹೋಗಬೇಕು ಎಂಬ ವಿವರಗಳನ್ನು ಯಂತ್ರ ಬಂದಿಳಿಯುವ ಮೊದಲೇ ಒಂದು ಕೋಷ್ಟಕದಲ್ಲಿ ತುಂಬಿಡುವ ಪದ್ಧತಿಯಿದೆ. ಬಹುತೇಕ ಕಡೆ ಅದನ್ನು ಗುಮಾಸ್ತಿಕೆಯ ಕೆಲಸವೆಂದೇ ಎಣಿಸಲಾಗುತ್ತದೆ. ಆದರೆ ಈ ಎಣಿಕೆ ತಪ್ಪೆಂಬುದನ್ನು ಭಂಡಾರಗಳ ಚರಿತ್ರೆ, ವಿಶೇಷವಾಗಿ ಚೆನ್ನೈ ನಗರಕ್ಕೆ ಸಂಬಂಧಿಸಿದ ಅದರ ಭಾಗ, ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತದೆ.

ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಯಂತ್ರವು ಐವತ್ತು ಲಕ್ಷ ಅಕ್ಷರಗಳನ್ನು ಹಿಡಿಯುತ್ತಿತ್ತು. ಪಶ್ಚಿಮ ಜರ್ಮನಿಯ ನೆರವಿನಿಂದ 1959ರಲ್ಲಿ ಸ್ಥಾಪನೆಯಾದ ಮದ್ರಾಸ್ ಐಐಟಿಗೆ 1973ರಲ್ಲಿ ಐಬಿಎಂ 370/155 ಗಣಕ ಬಂದಾಗಲೂ ಭಂಡಾರವೆಂಬುದು ಗಣಕದ ಪಕ್ಕದಲ್ಲೇ ಇರುವ ಅಂಗವಾಗಿತ್ತೇ ಹೊರತು ಸ್ವತಂತ್ರ ವಸ್ತುವಾಗಿರಲಿಲ್ಲ. ಆ ಕಾಲದಲ್ಲಿ ನಿರ್ವಹಣೆಗೆ ಜಾಲದ ಅಗತ್ಯವೇ ಇರಲಿಲ್ಲ. ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತ ಆಪರೇಟರನ ಕಣ್ಣು, ಕಿವಿ ಮತ್ತು ಅವನ ಮುಂದಿನ ಕನ್ಸೋಲ್ ಇಷ್ಟೇ ಆ ವ್ಯವಸ್ಥೆಯಾಗಿತ್ತು. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಗಣಕಜಾಲ ಯೋಜನೆ ಮದ್ರಾಸ್ ಐಐಟಿಯನ್ನೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ಇತರ ಕೆಲವು ಸಂಸ್ಥೆಗಳೊಂದಿಗೆ ಜೋಡಿಸಿತು. ರೈಲ್ವೆಯ ಕಂಪ್ಯೂಟರ್ ಟಿಕೆಟ್ ಕಾಯ್ದಿರಿಸುವಿಕೆಯೂ ಅದೇ ದಶಕದಲ್ಲಿ ಮದ್ರಾಸಿಗೆ ಬಂದಿತು. ಆದರೆ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಕೇಂದ್ರಗಳ ದತ್ತಾಂಶ ಒಂದೊಂದು ನಗರದಲ್ಲಿ ಪ್ರತ್ಯೇಕವಾಗಿಯೇ ಉಳಿದು, ಐದೂ ಕೇಂದ್ರಗಳ ಜೋಡಣೆ ಪೂರ್ಣವಾಗಲು 1999ರವರೆಗೆ ಕಾಯಬೇಕಾಯಿತು.

ನಗರದಿಂದ ನಗರಕ್ಕೆ ಜಾಲ ಹಬ್ಬಿದಂತೆ, ದೂರದಲ್ಲಿರುವ ಯಂತ್ರದ ಸ್ಥಿತಿಗತಿಯನ್ನು ವಿಚಾರಿಸಲು ಒಂದು ಸಮಾನ ಭಾಷೆ ಬೇಕಾಯಿತು. 1988ರಲ್ಲಿ ಮೊದಲು ಪ್ರಕಟವಾಗಿ 1990ರಲ್ಲಿ ಪರಿಷ್ಕೃತವಾದ ಎಸ್‌ಎನ್‌ಎಂಪಿ ಎಂಬ ನಿಯಮಾವಳಿ ಆ ಭಾಷೆಯಾಯಿತು. ಇದರ ಕ್ರಮ ಸರಳವಾದದ್ದು: ನಿರ್ವಹಣಾ ಕೇಂದ್ರವು 161ನೆಯ ಪೋರ್ಟಿನ ಮೂಲಕ ಯಂತ್ರವನ್ನು ಪ್ರಶ್ನಿಸುತ್ತದೆ, ಯಂತ್ರವು ತನಗೆ ತೊಂದರೆಯಾದಾಗ ಯಾರೂ ಕೇಳದಿದ್ದರೂ 162ನೆಯ ಪೋರ್ಟಿಗೆ ಟ್ರ್ಯಾಪ್ ಎಂಬ ಎಚ್ಚರಿಕೆಯನ್ನು ಕಳಿಸುತ್ತದೆ. ಟ್ರ್ಯಾಪ್ ಯಾವ ವಿಳಾಸಕ್ಕೆ ಹೋಗಬೇಕೆಂಬುದನ್ನು ಮೊದಲೇ ಬರೆದಿಡದಿದ್ದರೆ ಆ ಕೂಗು ಯಾರಿಗೂ ಕೇಳಿಸುವುದಿಲ್ಲವೆಂಬುದು ಹೇಳಬೇಕಾಗಿಲ್ಲದ ಸಂಗತಿಯಾದರೂ, ಯೋಜನೆಯ ಕೋಷ್ಟಕದಲ್ಲಿ ಖಾಲಿ ಉಳಿಯುವ ಅಂಕಣ ಸಾಮಾನ್ಯವಾಗಿ ಇದೇ. ಮೊದಲ ಆವೃತ್ತಿಯ ಎಸ್‌ಎನ್‌ಎಂಪಿಯಲ್ಲಿ ಗುಪ್ತಪದ ಯಾವ ಮುಸುಕೂ ಇಲ್ಲದೆ ಜಾಲದ ಮೇಲೆ ಹರಿಯುತ್ತಿತ್ತು, ಮತ್ತು ಅನೇಕ ಯಂತ್ರಗಳು ಕಾರ್ಖಾನೆಯಿಂದಲೇ ‘ಪಬ್ಲಿಕ್’ ಎಂಬ ಗುಪ್ತಪದವನ್ನು ಹೊತ್ತು ಬರುತ್ತಿದ್ದವು. ಗೂಢಲಿಪಿಯ ರಕ್ಷಣೆಯುಳ್ಳ ಮೂರನೆಯ ಆವೃತ್ತಿ 2002ರಲ್ಲಿ ಪೂರ್ಣ ಮಾನ್ಯತೆ ಪಡೆಯಿತು.

ಇದೇ ಅವಧಿಯಲ್ಲಿ ಭಂಡಾರವು ಗಣಕದಿಂದ ಬಿಡಿಸಿಕೊಂಡು ಸ್ವತಂತ್ರವಾಯಿತು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಅವರು ರೇಡ್ ವಿಧಾನವನ್ನು, ಅಂದರೆ ಅಗ್ಗದ ಡಿಸ್ಕ್‌ಗಳನ್ನು ಕೂಡಿಸಿ ಒಂದು ಕೆಟ್ಟರೂ ಉಳಿದವು ದತ್ತಾಂಶವನ್ನು ಕಾಯುವಂತೆ ಮಾಡುವ ವಿಧಾನವನ್ನು, ನಿರೂಪಿಸಿದರು. 1994ರಲ್ಲಿ ಫೈಬರ್ ಚಾನೆಲ್ ಎಂಬ ವೇಗದ ಸಂಪರ್ಕ ಅಮೆರಿಕದ ಮಾನಕವಾದ ಮೇಲೆ ಅನೇಕ ಸರ್ವರ್‌ಗಳು ಒಂದೇ ಭಂಡಾರವನ್ನು ಹಂಚಿಕೊಳ್ಳುವ ಪ್ರತ್ಯೇಕ ಜಾಲ ಬೆಳೆಯಿತು. ಅದನ್ನು ಸ್ಯಾನ್ ಎನ್ನುತ್ತಾರೆ. ಈ ಬಗೆಯ ಭಂಡಾರದಲ್ಲಿ ಸಾಮಾನ್ಯವಾಗಿ ಎರಡು ಕಂಟ್ರೋಲರ್‌ಗಳಿದ್ದು, ಒಂದು ನಿಂತರೆ ಇನ್ನೊಂದು ಹೊಣೆ ಹೊರುತ್ತದೆ. ಆದ್ದರಿಂದ ಒಂದೊಂದಕ್ಕೂ ಒಂದು ವಿಳಾಸ ಮತ್ತು, ಅನೇಕ ವಿನ್ಯಾಸಗಳಲ್ಲಿ, ಸದ್ಯ ಹೊಣೆ ಹೊತ್ತಿರುವುದರ ಜೊತೆಗೆ ಸಾಗುವ ಮೂರನೆಯ ವಿಳಾಸವೊಂದು ಬೇಕಾಗುತ್ತದೆ. ವಿಳಾಸಗಳನ್ನು ಬೇಡಿದಾಗ ತಾನೇ ಹಂಚುವ ಡಿಎಚ್‌ಸಿಪಿ ಪದ್ಧತಿ 1993ರಿಂದ ಬಳಕೆಯಲ್ಲಿದ್ದರೂ, ಭಂಡಾರಕ್ಕೆ ಸ್ಥಿರ ವಿಳಾಸವನ್ನೇ ಕೊಡುವುದು ವಾಡಿಕೆ. ವಿಳಾಸ ಹಂಚುವ ಸರ್ವರ್ ಮಲಗಿದ ರಾತ್ರಿಯೇ ಭಂಡಾರವನ್ನು ತುರ್ತಾಗಿ ತಲುಪಬೇಕಾಗಿ ಬರಬಹುದೆಂಬುದೇ ಇದಕ್ಕೆ ಕಾರಣ.

1994ರಲ್ಲಿ ಖಾಸಗಿ ಜಾಲಗಳಿಗಾಗಿ 10, 172.16ರಿಂದ 172.31 ಮತ್ತು 192.168 ಎಂದು ಆರಂಭವಾಗುವ ವಿಳಾಸಗಳನ್ನು ಮೀಸಲಿಡಲಾಯಿತು. ಯಾರ ಅನುಮತಿಯೂ ಇಲ್ಲದೆ ಬಳಸಬಹುದಾದ ಈ ವಿಳಾಸಗಳನ್ನು ಎಲ್ಲರೂ ಬಳಸಿದರು, ಮತ್ತು ತೊಡಕು ಹುಟ್ಟಿದ್ದೂ ಅಲ್ಲಿಯೇ. ಮುಂಬಯಿಯ ಕಚೇರಿಯೂ ಚೆನ್ನೈ ಕಚೇರಿಯೂ ಬೇರೆಬೇರೆಯಾಗಿ ಬೆಳೆದು, ಎರಡೂ ಕಡೆ ಒಂದೇ ಶ್ರೇಣಿಯ ವಿಳಾಸಗಳಿದ್ದರೆ, ಎರಡನ್ನೂ ಜೋಡಿಸುವ ದಿನ ಯಾವ ಊರಿನ ಯಂತ್ರಕ್ಕೆ ಮಾತು ಹೋಗಬೇಕೆಂದು ಜಾಲಕ್ಕೇ ತಿಳಿಯದಂತಾಗುತ್ತದೆ. ನಿರ್ವಹಣೆಯ ಸಂಚಾರವನ್ನು ಕಚೇರಿಯ ಸಾಮಾನ್ಯ ಸಂಚಾರದಿಂದ ಬೇರ್ಪಡಿಸುವ ವಿಎಲ್ಯಾನ್ ವಿಧಾನ, ಅಂದರೆ ಒಂದೇ ತಂತಿಯ ಮೇಲೆ ಪ್ರತ್ಯೇಕ ಜಾಲಗಳನ್ನು ರೂಪಿಸುವ ವಿಧಾನ, 1998ರಲ್ಲಿ ಮಾನಕವಾಯಿತು. ಇದರಿಂದ ಭದ್ರತೆ ಹೆಚ್ಚಿತಾದರೂ ಸೂಕ್ಷ್ಮವಾದ ಇನ್ನೊಂದು ಅಪಾಯ ಉಳಿದುಕೊಂಡಿತು. ಹೆಸರುಗಳನ್ನು ವಿಳಾಸಗಳಾಗಿ ಬದಲಿಸಿಕೊಡುವ ಡಿಎನ್‌ಎಸ್ ಸರ್ವರ್, ಗಡಿಯಾರಗಳನ್ನು ಹೊಂದಿಸುವ ಎನ್‌ಟಿಪಿ ಸರ್ವರ್ ಮತ್ತು ನಿರ್ವಹಣಾ ತಂತ್ರಾಂಶ ಇವೆಲ್ಲ ಇಂದು ವರ್ಚುವಲ್ ಯಂತ್ರಗಳಾಗಿ, ಅಂದರೆ ತಂತ್ರಾಂಶ ರೂಪದ ಗಣಕಗಳಾಗಿ, ಅದೇ ಭಂಡಾರದ ಡಿಸ್ಕ್‌ಗಳ ಮೇಲೆಯೇ ನೆಲೆಸಿರುವುದುಂಟು. ಭಂಡಾರ ನಿಂತಾಗ ಅದನ್ನು ಎಬ್ಬಿಸಬೇಕಾದ ಸಾಧನಗಳೂ ನಿಲ್ಲುವುದರಿಂದ, ಇದು ಕಪಾಟಿನ ಬೀಗದ ಕೈಯನ್ನು ಕಪಾಟಿನೊಳಗೇ ಇಟ್ಟು ಬಾಗಿಲು ಹಾಕಿಕೊಂಡಂತಾಗುತ್ತದೆ. ನಿರ್ವಹಣೆಯ ದಾರಿ ತಾನು ನಿರ್ವಹಿಸುವ ವಸ್ತುವನ್ನು ಅವಲಂಬಿಸಕೂಡದೆಂಬುದು ಈ ಶಾಸ್ತ್ರದ ಮುಖ್ಯ ನಿಯಮ. ಉಳಿದ ನಿಯಮಗಳೆಲ್ಲ ಇದರ ವಿವರಗಳೆನ್ನಬಹುದು.

ಚೆನ್ನೈ ಈ ಚರಿತ್ರೆಯಲ್ಲಿ ಮುಖ್ಯವಾಗುವುದು ಅದರ ಕರಾವಳಿಯಿಂದಾಗಿ. 1870ರ ದಶಕದ ಆರಂಭದಲ್ಲೇ ಮದ್ರಾಸಿನಿಂದ ಪೆನಾಂಗ್ ಮಾರ್ಗವಾಗಿ ಸಿಂಗಪುರಕ್ಕೆ ಟೆಲಿಗ್ರಾಫ್ ಕೇಬಲ್ ಹೋಗಿತ್ತು. ಅದೇ ದಿಕ್ಕಿನಲ್ಲಿ 2002ರಲ್ಲಿ ಐ2ಐ ಕೇಬಲ್, 2004ರಲ್ಲಿ ಟಾಟಾದ ಚೆನ್ನೈ–ಸಿಂಗಪುರ ಕೇಬಲ್ ಬಂದವು, 2005ರಲ್ಲಿ ಸೀ-ಮೀ-ವಿ 4 ಕೇಬಲ್ ಈ ನಗರವನ್ನು ಪಶ್ಚಿಮ ಯುರೋಪಿನವರೆಗೂ ಬೆಸೆಯಿತು. ಮುಂಬಯಿಯಿಂದ ನೇರ ರೇಖೆಯಲ್ಲಿ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿ, ದೇಶದ ಇನ್ನೊಂದು ಕರಾವಳಿಯಲ್ಲಿರುವ ಕಾರಣ, ಮುಂಬಯಿಯ ಹಣಕಾಸು ಸಂಸ್ಥೆಗಳಿಗೆ ವಿಪತ್ತಿನ ಕಾಲದ ಬದಲಿ ತಾಣವನ್ನು ಇಡಲು ಚೆನ್ನೈ ಸಹಜವಾಗಿಯೇ ಒಪ್ಪಿತು. ಆದರೆ ಅನುಕೂಲವಾದ ಈ ದೂರವೇ ಒಂದು ಮಿತಿಯನ್ನೂ ಹೇರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಮಾತ್ರ ಸಾಗುವುದರಿಂದ ಮುಂಬಯಿ–ಚೆನ್ನೈ ನಡುವೆ ಹೋಗಿಬರಲು ಕನಿಷ್ಠ ಹತ್ತು ಮಿಲಿಸೆಕೆಂಡು ಬೇಕು, ಮತ್ತು ಪ್ರತಿಯೊಂದು ವ್ಯವಹಾರವೂ ಎರಡೂ ಊರುಗಳಲ್ಲಿ ಏಕಕಾಲಕ್ಕೆ ದಾಖಲಾಗಲೇಬೇಕೆಂದರೆ ಷೇರುಪೇಟೆಯಂಥ ಕಡೆ ಆ ವಿಳಂಬವನ್ನು ತಾಳಲಾಗದು. ಆದ್ದರಿಂದ ತತ್‌ಕ್ಷಣದ ಪ್ರತಿಯನ್ನು ಹತ್ತಿರದ ತಾಣದಲ್ಲಿಯೂ ಸ್ವಲ್ಪ ಹಿಂದುಳಿಯುವ ಪ್ರತಿಯನ್ನು ದೂರದ ತಾಣದಲ್ಲಿಯೂ ಇಡುವ ಮೂರು ತಾಣಗಳ ವಿನ್ಯಾಸ ರೂಢಿಗೆ ಬಂದಿತು.

ಚೆನ್ನೈ ಸುರಕ್ಷಿತ ಆಶ್ರಯವೇನೂ ಅಲ್ಲವೆಂಬುದು 2015ರ ಡಿಸೆಂಬರ್ ಪ್ರವಾಹದಲ್ಲಿ ತಿಳಿಯಿತು. 1878ರಲ್ಲಿ ಆರಂಭವಾದ ‘ದಿ ಹಿಂದೂ’ ಪತ್ರಿಕೆಯ ಚೆನ್ನೈ ಮುದ್ರಣ ಡಿಸೆಂಬರ್ 2ರಂದು ಹೊರಬರಲಿಲ್ಲ, ಏಕೆಂದರೆ ಮರೈಮಲೈ ನಗರದ ಮುದ್ರಣಾಲಯವನ್ನು ನೌಕರರಿಗೆ ತಲುಪಲಾಗಲಿಲ್ಲ. ಯಂತ್ರವಿರುವ ಕಡೆಗೆ ಮನುಷ್ಯ ಹೋಗಲಾಗದ ಇಂಥ ದಿನಕ್ಕಾಗಿಯೇ ದೂರನಿರ್ವಹಣೆಯ ದಾರಿ ಇರಬೇಕಾದದ್ದು, ಮತ್ತು ಅದು ಮುಖ್ಯ ಜಾಲಕ್ಕಿಂತ ಬೇರೆ ಕಂಪನಿಯ ಸಂಪರ್ಕದ ಮೇಲೆ, ಬೇರೆ ರಸ್ತೆಯ ಕೆಳಗೆ ಹಾದುಹೋಗಬೇಕಾದದ್ದು. ಮರುವರ್ಷ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಅಪ್ಪಳಿಸಿದ ಮೇಲೆ ಸಮುದ್ರದ ಕೇಬಲ್‌ಗೆ ಹಾನಿಯಾಗಿ ಅಂತರ್ಜಾಲ ನಿಧಾನವಾಗಿದೆಯೆಂದು ಏರ್‌ಟೆಲ್ ತನ್ನ ಗ್ರಾಹಕರಿಗೆ ತಿಳಿಸಿತು.

ಇವೆಲ್ಲಕ್ಕಿಂತ ದೊಡ್ಡ ಪರೀಕ್ಷೆ ಬಂದದ್ದು 2021ರ ಫೆಬ್ರವರಿ 24ರಂದು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಮುಖ್ಯ ತಾಣ ಮುಂಬಯಿಯ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ, ಹತ್ತಿರದ ಪ್ರತಿತಾಣ ಕುರ್ಲಾದಲ್ಲಿ, ವಿಪತ್ತಿನ ಬದಲಿ ತಾಣ ಚೆನ್ನೈಯಲ್ಲಿ ಇದ್ದವು. ಮುಂಬಯಿಯ ಎರಡು ತಾಣಗಳ ನಡುವೆ ಇಬ್ಬರು ಬೇರೆಬೇರೆ ಸೇವಾದಾರರಿಂದ ಪಡೆದ ಸಂಪರ್ಕಗಳು, ದಾರಿಯಲ್ಲಿ ನಡೆದ ಅಗೆತ ಮತ್ತು ನಿರ್ಮಾಣ ಕಾಮಗಾರಿಗಳಿಂದ ಕೆಟ್ಟವು. ಸಂಪರ್ಕ ಕಡಿದರೂ ಮುಖ್ಯ ತಾಣದ ಭಂಡಾರ ಒಂಟಿಯಾಗಿ ಕೆಲಸ ಮುಂದುವರಿಸಬೇಕಿತ್ತು. ಅದಕ್ಕೆ ಬದಲಾಗಿ ಅದು ಸರ್ವರ್‌ಗಳ ಕೈಗೇ ಸಿಗದಂತಾಗಿ, ವ್ಯವಹಾರದ ಅಪಾಯವನ್ನು ಅಳೆಯುವ ವ್ಯವಸ್ಥೆ ನಿಂತುಹೋಗಿ, ಬೆಳಿಗ್ಗೆ 11.40ಕ್ಕೆ ವಹಿವಾಟನ್ನು ನಿಲ್ಲಿಸಲಾಯಿತು. ಭಂಡಾರದಲ್ಲಿ ಅಳವಡಿಸಿದ್ದ ಬದಲಿ ತರ್ಕವು ಕೇಳಿದ್ದ ವಿನ್ಯಾಸಕ್ಕೆ ಅನುಗುಣವಾಗಿರಲಿಲ್ಲವೆಂದು ವಿನಿಮಯ ಕೇಂದ್ರ ಮುಂದೆ ವಿವರಿಸಿತು. ವಹಿವಾಟು ಚೆನ್ನೈಗೆ ಹೋಗದೆ ಮುಂಬಯಿಯಲ್ಲೇ ಮಧ್ಯಾಹ್ನ 3.45ಕ್ಕೆ ಮರಳಿ ಆರಂಭವಾಗಿ ಸಂಜೆ ಐದರವರೆಗೆ ನಡೆಯಿತು. ಡಿಸ್ಕ್‌ಗಳ ಕೊರತೆಯಾಗಲಿ ಪ್ರತಿಗಳ ಕೊರತೆಯಾಗಲಿ ಇಲ್ಲಿ ಇರಲಿಲ್ಲ. ಸಂಪರ್ಕ ಕಡಿದಾಗ ಯಾರು ಯಾರಿಗೆ ಕಾಯಬೇಕು, ಯಾರು ಕಾಯದೆ ಮುಂದುವರಿಯಬೇಕು ಎಂಬ ವಿಧಿಗಳಲ್ಲಿ ದೋಷವಿತ್ತು. ಅಂಥ ವಿಧಿ ಸರಿಯೋ ತಪ್ಪೋ ಎಂಬುದು ತಂತಿಯನ್ನು ಬೇಕೆಂದೇ ಕಿತ್ತು ನೋಡಿದಾಗಲಷ್ಟೇ ಖಚಿತವಾಗುತ್ತದೆ, ಆದರೆ ನಡೆಯುತ್ತಿರುವ ಪೇಟೆಯಲ್ಲಿ ಹಾಗೆ ಕಿತ್ತು ನೋಡುವ ಧೈರ್ಯ ಸುಲಭವಾಗಿ ಯಾರಿಗೂ ಬರುವುದಿಲ್ಲ.

ಅದಾದ ಮೇಲೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ತನ್ನ ನಿಯಮಗಳನ್ನು ಬಿಗಿಗೊಳಿಸಿ, ನಿರ್ಣಾಯಕ ವ್ಯವಸ್ಥೆ ಕೆಟ್ಟ 30 ನಿಮಿಷಗಳೊಳಗೆ ಅದನ್ನು ವಿಪತ್ತೆಂದು ಸಾರಬೇಕು, ಅಲ್ಲಿಂದ 45 ನಿಮಿಷಗಳೊಳಗೆ ಕೆಲಸ ಪುನರಾರಂಭವಾಗಬೇಕು ಎಂದು ವಿಧಿಸಿತು. 2022ರ ಏಪ್ರಿಲ್ 28ರಂದು ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಗಣಕವ್ಯವಸ್ಥೆಗಳ ಗಡಿಯಾರಗಳನ್ನು ನಿಗದಿತ ರಾಷ್ಟ್ರೀಯ ಸಮಯ ಸರ್ವರ್‌ಗಳೊಂದಿಗೆ ಹೊಂದಿಸಬೇಕೆಂದೂ ಲಾಗ್‌ಗಳನ್ನು, ಅಂದರೆ ಯಂತ್ರದ ದಿನಚರಿ ದಾಖಲೆಗಳನ್ನು, 180 ದಿನ ಕಾಯ್ದಿಡಬೇಕೆಂದೂ ಆದೇಶಿಸಿದ್ದರಿಂದ, ಯೋಜನೆಯ ಕೋಷ್ಟಕದಲ್ಲಿ ಐಚ್ಛಿಕವೆಂದು ಬಿಡುತ್ತಿದ್ದ ಎನ್‌ಟಿಪಿ ಅಂಕಣ ಕಾನೂನಿನ ವಿಷಯವಾಯಿತು. ಬದಲಿ ತಾಣವನ್ನು ನಿಜವಾದ ವಹಿವಾಟಿನಲ್ಲೇ ಪರೀಕ್ಷಿಸಲು 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ಷೇರುಪೇಟೆ ವಿಶೇಷ ಅಧಿವೇಶನಗಳನ್ನು ನಡೆಸಿತು; ಬೆಳಿಗ್ಗೆ 9.15ರಿಂದ 10ರವರೆಗೆ ಮುಖ್ಯ ತಾಣದಿಂದ, ಆಮೇಲೆ ಬದಲಿ ತಾಣದಿಂದ, ನಿಜವಾದ ಹಣವನ್ನೇ ಪಣಕ್ಕಿಟ್ಟು ವಹಿವಾಟು ನಡೆಯಿತು.